ಹನ್ನೊಂದು

ಕೀಲುಂಗ್ ಬಂದರಿನ ಮೀನುಪೇಟೆಯಲ್ಲಿ
ರಾತ್ರಿಯಿಡೀ ಮಂಜುಗಡ್ಡೆ ಒಡೆಯುವವಳು ನಾನು.
ಯಾವ ಮೀನು ಎಷ್ಟು ಹೊತ್ತು ತಾಳೀತೆಂದು
ಕಣ್ಣು ನೋಡಿಯೇ ಹೇಳಬಲ್ಲೆ.

ಹತ್ತು ದಿನ ಹೊಟ್ಟೆಗೆ ನಾನೇ ಚುಚ್ಚಿಕೊಂಡೆ.
ಫ್ರಿಜ್ಜಿನಲ್ಲಿ ಸೀಗಡಿ ಪಕ್ಕ ಸೂಜಿಮದ್ದು;
ಏನೇ ಅದು, ಅಂದಳು ಅಮ್ಮ.
ಮೀನಿಗೆ, ಅಂದೆ.

ಹನ್ನೊಂದು ಸಿಕ್ಕವು, ಅಂದಳು ನರ್ಸ್ ಪೇಯ್‌ಶಾನ್.
ಡಜನ್ನಿಗೆ ಒಂದು ಕಮ್ಮಿ.
ಪೇಟೆಯಲ್ಲಾದರೆ ಜಗಳ ತೆಗೆಯುತ್ತಿದ್ದೆ;
ಇಲ್ಲಿ ಮಾರಿದವಳೂ ನಾನೇ, ಕೊಂಡವಳೂ ನಾನೇ.

ಫಾರಮ್ಮಿನ ಕೊನೆಯಲ್ಲಿ ಸಣ್ಣಕ್ಷರ:
ಬಳಸುವ ದಿನ ಗಂಡನ ಸಹಿ ಬೇಕು.
ನನಗಿನ್ನೂ ಇಪ್ಪತ್ತೊಂಬತ್ತು.
ಅವನು ಯಾವ ದೋಣಿಯಲ್ಲಿದ್ದಾನೋ,
ದೋಣಿ ಇದೆಯೋ.

ಮೂರನೆಯ ರಾತ್ರಿ ಮತ್ತೆ ಪೇಟೆ.
ಬಂಗುಡೆ ಮೇಲೆ ಮಂಜು ಸುರಿಯುವಾಗ
ವರ್ಷಗಟ್ಟಲೆ ಮರಗಟ್ಟಿದ್ದ ಬೆರಳಿಗೆ
ಚಳಿಯಾಯಿತು.
ಕೈಗವಸು ಕೇಳಿ ಹಾಕಿಕೊಂಡೆ.