ಎರಡನೇ ಬ್ರೇಕು

ಹನ್ನೊಂದು ವರ್ಷದ ಹಳೇ ಕಾರ್ಡು.
ಪರ್ಸಿನೊಳಗೆ ಗಾಡಿ ಕೀ ಉಜ್ಜಿ ಉಜ್ಜಿ
ನನ್ನ ಹೆಸರಿನ ಮೊದಲಕ್ಷರ ಸವೆದು
ಸುಗುಣವತಿ ಹೋಗಿ ಗುಣವತಿ ಆಗಿದ್ದೆ.

ಸಾಲಗಾಮೆ ರಸ್ತೆಯಲ್ಲಿ ನನ್ನ ಡ್ರೈವಿಂಗ್ ಸ್ಕೂಲು.
ಒಂದು ಕಾರು, ಎರಡು ಬ್ರೇಕು:
ಕಲಿಯುವವರ ಕಾಲಿಗೊಂದು, ನನ್ನ ಕಾಲಿಗೊಂದು.
ಇನ್ನೊಂದು ಕಾರಿಗೆ ಸಾಲ ಕೇಳುವ ಮೊದಲು
ಮನೆ ಗುಡಿಸಿದ ಹಾಗೆ ಲೆಕ್ಕವನ್ನೂ ಗುಡಿಸೋಣ ಅನ್ನಿಸಿತು.
ಬಳಸದ ಕಾರ್ಡು ಯಾಕೆ, ಇಲ್ಲದ ಆಸೆ ಯಾಕೆ?
ಫೋನಿನಲ್ಲಿ ಆ ಹುಡುಗ "ಯೋಚನೆ ಮಾಡಿ ಮೇಡಂ" ಅಂದ.
ಅವನ ಕಮಿಷನ್ನಿನ ಮಾತು ಅಂದುಕೊಂಡೆ.
ಬ್ಲೌಸ್ ಕತ್ತರಿಯಲ್ಲೇ ಕತ್ತರಿಸಿದೆ,
ಚಿಪ್ ಇದ್ದ ಕಡೆ ಎರಡು ಸಲ ಜಾರಿತು.

ಆ ರಾತ್ರಿ ಒಳ್ಳೇ ನಿದ್ದೆ ಬಂತು. ಅದನ್ನೂ ಹೇಳಬೇಕು.

ಬಿ.ಎಂ. ರಸ್ತೆಯ ಬ್ಯಾಂಕಿನಲ್ಲಿ ಚಂದ್ರಕೀರ್ತಿ
ಸ್ಕ್ರೀನನ್ನು ನನ್ನ ಕಡೆ ತಿರುಗಿಸಿದ.
ಏಳುನೂರ ಎಂಬತ್ತೊಂಬತ್ತು ಇದ್ದದ್ದು
ಏಳುನೂರ ನಾಲ್ಕು.
"ಒಂದು ಕಂತೂ ತಪ್ಪಿಸಿಲ್ಲ ಕಣಪ್ಪ!"
ದನಿ ಏರಿತೇನೋ,
ಪಾಸ್‌ಬುಕ್ ಮೆಷಿನ್ನಿನ ಹತ್ತಿರದ ಮುದುಕ ತಿರುಗಿ ನೋಡಿದ.

ಚಲನ್ನಿನ ಬೆನ್ನಿಗೆ ಅವನು ಗೆರೆ ಎಳೆದ.
ಹೋದ ಕಾರ್ಡಿನ ಮಿತಿ ಒಂದು ಲಕ್ಷ ಅರವತ್ತು ಸಾವಿರ,
ಉಳಿದ ಕಾರ್ಡಿನದು ನಲವತ್ತು.
ಪೆಟ್ರೋಲು, ಟೈರು, ಇನ್ಶೂರೆನ್ಸು, ತಿಂಗಳ ಖರ್ಚು ಮೂವತ್ತೆರಡು.
"ಎರಡು ಲಕ್ಷಕ್ಕೆ ಮೂವತ್ತೆರಡು, ನೂರಕ್ಕೆ ಹದಿನಾರು.
ನಲವತ್ತಕ್ಕೆ ಮೂವತ್ತೆರಡು ಅಂದರೆ..."
ಎಂಬತ್ತು ಅಂದೆ ನಾನೇ.
ಏಳನೇ ಕ್ಲಾಸಿನ ಗಣಿತಕ್ಕೆ ಎಂಬತ್ತು ಬಂದಾಗ
ಅಪ್ಪ ಬೀದಿಗೆಲ್ಲ ಪೇಡ ಹಂಚಿದ್ದ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಿದ್ದೆಯಲ್ಲ ಅವ್ವ,
ಅಷ್ಟೂ ಚಾಚಿರಲಿಲ್ಲ, ಮಂಡಿ ಮಡಿಸಿಯೇ ಮಲಗಿದ್ದೆ.
ದೂಳು ಕೂರುತ್ತದೆ ಅಂತ
ಹಾಸಿಗೆಯನ್ನೇ ಸುತ್ತಿಟ್ಟೆ, ಯಾರೂ ಹೇಳದೆ.
ಕಾಲು ಬೆಳೆದಿಲ್ಲ.
ನೋಡುವವರಿಗೆ ಮಾತ್ರ ಹಿಮ್ಮಡಿ ನೆಲದಲ್ಲಿ ಕಾಣುತ್ತಿದೆ.

"ಐದನೇ ತಾರೀಖು ಪೂರಾ ಕಟ್ಟುತ್ತೇನಲ್ಲ?"
"ಬಿಲ್ಲು ಹುಟ್ಟೋದು ಹದಿನೆಂಟಕ್ಕೆ. ಅವತ್ತಿನ ಅಂಕಿ ಮೇಲೆ ಹೋಗುತ್ತೆ.
ನೀವು ಕಟ್ಟೋ ಹೊತ್ತಿಗೆ ಫೋಟೋ ತೆಗೆದಾಗಿರುತ್ತೆ."
ಫೋಟೋ ಕಥೆ ನನಗೆ ಗೊತ್ತು.
ಆರ್‌ಟಿಓ ಕ್ಯಾಮೆರಾ ಮುಂದೆ ಒಂದು ಕ್ಷಣ ರೆಪ್ಪೆ ಮುಚ್ಚಿ
ಇಪ್ಪತ್ತು ವರ್ಷ ಲೈಸೆನ್ಸಿನಲ್ಲಿ ನಿದ್ದೆ ಮಾಡುವವರನ್ನು
ನಾನೇ ಎಷ್ಟು ಜನರನ್ನು ಕರೆದೊಯ್ದಿಲ್ಲ.

ಮಾರನೇ ಬೆಳಿಗ್ಗೆ ಡೈರಿ ಸರ್ಕಲ್ಲಿನ ಕಡೆಗೆ
ರಿಟೈರಾದ ನರ್ಸು ಜೈಬುನ್ನಿಸಾ ಸ್ಟೀರಿಂಗ್ ಹಿಡಿದಿದ್ದರು,
ಹಾಲಿನ ಟ್ಯಾಂಕರಿಗೆ ಮೂಗು ತಾಗಿಸುವಷ್ಟು ಹತ್ತಿರ.
"ಜಾಗ ಬಿಡಿ" ಅಂದೆ.
"ಇಷ್ಟು ಖಾಲಿ ಬಿಟ್ಟರೆ ದಂಡ ಅಲ್ಲವಾ ಮೇಡಂ,
ಆಟೋದವರು ನುಗ್ಗುತ್ತಾರೆ."
"ಖಾಲಿ ಅಲ್ಲ ಅದು, ನಿಮ್ಮದೇ" ಅಂದು
ನನ್ನ ಮಾತು ನನಗೇ ಕೇಳಿಸಿ
ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದೆ.
ನನ್ನ ಪಾದದಡಿ ಎರಡನೇ ಬ್ರೇಕು.
ಇಡೀ ತಿಂಗಳು ಅದನ್ನು ಒತ್ತಿಲ್ಲ.
ಬಿಚ್ಚಿ ಗುಜರಿಗೆ ಹಾಕು ಅಂತ ಮನಸ್ಸಿಗೂ ಬಂದಿಲ್ಲ.

ಈಗ ಹದಿನಾರಕ್ಕೇ ಕಟ್ಟುತ್ತೇನೆ, ಬಿಲ್ಲು ಹುಟ್ಟುವ ಎರಡು ದಿನ ಮುಂಚೆ.
ದೀಪಾವಳಿ ಕಳೆದು ಬನ್ನಿ ಅಂದಿದ್ದಾನೆ ಚಂದ್ರಕೀರ್ತಿ.
ಕತ್ತರಿಸಿದ ಚೂರುಗಳು
ಇನ್ನೂ ಕಾರಿನ ಫಸ್ಟ್ ಏಡ್ ಡಬ್ಬಿಯಲ್ಲಿವೆ.
ನೆನ್ನೆ ಜೋಡಿಸಿ ನೋಡಿದೆ:
ಕತ್ತರಿ ಸರಿಯಾಗಿ
ಗುಣಕ್ಕೂ ವತಿಗೂ ನಡುವೆ ಹಾದಿದೆ.