ಎದೆಗೆ ತಾಗಿದರೆ ಫೌಲು

ಸಲ್ಮಾಬಾದಿನ ಗ್ಯಾರೇಜು ಸಾಲಿನ ಹಿಂದೆ
ಟೈರಿನ ಗೋದಾಮೊಂದು ಈಗ ಆಟದಂಕಣ.
ಶುಕ್ರವಾರ ಎರಡು ತಾಸಿಗೆ ಹತ್ತು ದಿನಾರು,
ಏಸಿ ಬೇಕಾದರೆ ಮೇಲೆರಡು;
ಚೌಕಾಸಿ ಮಾಡಿ ತಂಪನ್ನೂ ಹತ್ತರಲ್ಲೇ ಸೇರಿಸಿದೆವು.
ಮೊಣಕಾಲು ಹೋದ ಮೇಲೆ ನಾನು ರೆಫ್ರಿ.
ವಾರವಿಡೀ ಪಾರ್ಲರಿನಲ್ಲಿ ಹುಬ್ಬು ತಿದ್ದುವವಳು
ಇಲ್ಲಿ ಗೆರೆ ಕಾಯುತ್ತೇನೆ.

ಥ್ರೋಬಾಲು ಹುಟ್ಟಿದ್ದೆಲ್ಲಿ? ಕೇಳಿ ನೋಡಿ,
ಏಳು ಬಾಯಿಗೆ ಎಂಟು ಪುರಾಣ.
ಮದರಾಸಿನ ಹಾಸ್ಟೆಲಿನಿಂದ ರೈಲು ಹತ್ತಿ ಬಂತು, ಝೀನತ್ ಅನ್ನುತ್ತಾಳೆ.
ವಾಲಿಬಾಲಿನ ಮಲತಂಗಿ,
ಹೊಡೆಯಬೇಡಿ ಅಂದವರಿಗೆ ಹಿಡಿಯಲು ಕೊಟ್ಟದ್ದು,
ಇದು ಸೆವ್ರಿನಾಳ ವಾದ.
ನನಗೆ ಗೊತ್ತಿರುವುದು ಉಳ್ಳಾಲದ ಶಾಲೆಯ ಹಿಂದೆ
ಎರಡು ತೆಂಗಿಗೆ ಬಿಗಿದ ಹರಿದ ಬಲೆ,
ಚೆಂಡಿಗೂ ಕೈಗೂ ಸಿಗಡಿಯ ವಾಸನೆ.

ಹೊಸಬರು ಕೇಳಿಸಿಕೊಳ್ಳಿ.
ಒಂದು ಕಡೆಗೆ ಏಳು ಜನ.
ಹಿಡಿಯುವುದು ಎರಡು ಕೈಯಲ್ಲಿ,
ಎಸೆಯುವುದು ಒಂದರಲ್ಲಿ, ಹೆಗಲ ಮೇಲಿನಿಂದ,
ಕಾಲು ನೆಲ ಬಿಡದೆ.
ಮೂರು ಸೆಕೆಂಡು ದಾಟಿದರೆ ಚೆಂಡು ನಿಮ್ಮದಲ್ಲ.
ಬಲೆಯ ಆಚೀಚೆ ಎರಡೆರಡು ಮೊಳ
ಯಾವ ವೀಸಾದವರೂ ನಿಲ್ಲದ ಜಾಗ.
ಮತ್ತೆ, ಎದೆಗೆ ತಾಗಿತೋ
ಫೌಲು.

ಏಳನೆಯವಳಾಗಿ ಸಿಕ್ಕಳು ಬೈಂದೂರಿನ ಮೂಕಾಂಬು.
ರಿಫಾದ ಮನೆಯೊಂದರಲ್ಲಿ ಎಂಟು ತಿಂಗಳ ಕೂಸು ನೋಡುತ್ತಾಳೆ,
ಶುಕ್ರವಾರ ನಾಲ್ಕರಿಂದ ಏಳರವರೆಗೆ ಅವಳು ಅವಳವಳೇ.
ಚೆಂಡು ಬಲೆ ದಾಟಿದರೆ ಸಾಕು,
ಮೊಣಕೈ ತಾನಾಗಿ ಮಡಚಿ
ಅಂಗೈ ತೊಟ್ಟಿಲಾಗಿ
ಗಲ್ಲ ತಗ್ಗಿ
ಸೀದಾ ಎದೆಗೆ.
ಪೀಂ.
‘ದೂರ ಹಿಡಿಯೇ ಮಾರಾಯ್ತಿ, ಸುಡುವ ಪಾತ್ರೆ ಅಂದ್ಕೋ’
ಝೀನತ್ ಹೇಳಿಕೊಟ್ಟಳು.
ಎರಡು ವಾರ ಪಾತ್ರೆಯಾಗಿತ್ತು.
ಆಮೇಲೆ ಮತ್ತೆ ಕೂಸು.

ನಿನ್ನೆ ಮುಹರಕಿನ ನರ್ಸುಗಳು ಹದಿನಾಲ್ಕು, ಇವರು ಹದಿಮೂರು.
ಮೂಲೆಗೆ ಬಂದ ಎಸೆತ,
ಕೈ ಚಾಚಿ ಎಷ್ಟು ಚಂದ ಹಿಡಿದಳು!
ಒಂದು, ಎರಡು, ನಾನು ಎಣಿಸುತ್ತಿದ್ದೆ.
ಎಸೆಯಲು ಎತ್ತಿದ ಕೈ
ಅಲ್ಲೇ ಏನೋ ನೆನಪಾದಂತೆ ಇಳಿದು
ಅಪ್ಪಿಕೊಂಡಿತು.
ಊದಿದೆ. ಊದಲೇಬೇಕಿತ್ತು.
ಚೆಂಡು ಕೊಡಲು ಬಂದವಳು
ಹೆಗಲಿಗೆ ಹಾಕಿಕೊಂಡೇ ಬಂದಳು,
ತೇಗು ಬರಲೆಂದು ಕಾಯುವವರ ಹಾಗೆ
ಅದರ ಬೆನ್ನು ಎರಡು ಸಲ ತಟ್ಟಿ
ಕೈಗಿತ್ತಳು.

ನಗಲು ಹೊರಟ ಸೆವ್ರಿನಾ ಕೂತು ಶೂ ದಾರ ಬಿಗಿದಳು.
ಹದಿನೈದು, ಹದಿಮೂರು: ಬರೆದೆ.
ಹೊರಗೆ ವ್ಯಾನಿನ ಹಾರ್ನು, ಏಳಕ್ಕೆ ಇಪ್ಪತ್ತು ನಿಮಿಷ.
ಚೆಂಡು ಇನ್ನೂ ಬೆಚ್ಚಗಿತ್ತು.