ಹಿಂದಿನ ಸೀಟು

ಬಂಪರ್ ಬಿಚ್ಚಿಟ್ಟಾಗ ಕಾರಿಗೆ
ಹಲ್ಲಿನ ಸೆಟ್ಟು ತೆಗೆದ ಮುಖ.
ಆಂಡರ್‌ಸನ್‌ಪೇಟೆಯ ತಂಗರಾಜು ಮಂಡಿಯೂರಿ
ಒಳಗೆ ಟಾರ್ಚು ಬಿಟ್ಟು ನೋಡಿದ.
"ಮೂಳೆ ಗಟ್ಟಿ ಇದೆ ಅಕ್ಕಾ, ಕಬ್ಬಿಣ ಹಿಡಿಯುತ್ತೆ."

ಅವನ ಲೇತು ಗಣಿಯ ಹರಾಜಿನದು.
ಅದು ಬಂಗಾರ ಮುಟ್ಟಿದ್ದೇ ಇಲ್ಲವಂತೆ,
ಬರೀ ಪಂಪಿನ ಪಿಸ್ಟನ್ನು, ಪಂಜರದ ಕೊಂಡಿ,
ಆಳಕ್ಕಿಳಿದವರನ್ನು ಮೇಲೆ ತಂದ ಕೊಂಡಿ.
"ಕೊಂಡಿ ವಿಷಯದಲ್ಲಿ ನಮ್ಮಪ್ಪ ನಗ್ತಾ ಇರ್ಲಿಲ್ಲ"
ಎಂದ. ಅವನೂ ನಗಲಿಲ್ಲ.

ಮುಂದೆ ನಿಂತಿದೆ ನಮ್ಮ ಬಸ್ಸು, ಅದೂ ಹರಾಜಿನದೇ.
ಕೆಂಪು ಕೆರೆದು ತಿಳಿಹಸಿರು ಬಳಿಸಿದರೂ
ಫುಟ್‌ಬೋರ್ಡಿನ ಮೂಲೆಯಲ್ಲಿ ಉಳಿದುಕೊಂಡಿದೆ
ಉಗುರಿನ ಮದರಂಗಿಯಷ್ಟು.
ನಲವತ್ತೆಂಟು ಸೀಟಿದ್ದ ಕಡೆ
ಒಂದು ಮಂಚ, ಒಂದು ಒಲೆ, ನೀರಿನ ಡ್ರಮ್ಮು.
ನನ್ನ ಸೀಟಿಗೆ ಮಾತ್ರ ಸ್ಪ್ಯಾನರು ಹಾಕಲು ಬಿಡಲಿಲ್ಲ,
ಹಿಂದಿನ ಗಾಜಿನ ಪಕ್ಕದ್ದು.

ಕೋಲಾರ ಡಿಪೋದಲ್ಲಿ ಇಪ್ಪತ್ತಾರು ವರ್ಷ
ಇವರು ಮುಂದೆ, ನಾನು ಹಿಂದೆ.
ಡ್ಯೂಟಿ ಚಾರ್ಟು ಬರೆಯುವವನಿಗೆ
ಶ್ರೀನಿವಾಸಪುರದ ಮಾವಿನಹಣ್ಣು ತಿನ್ನಿಸಿ ತಿನ್ನಿಸಿ
ಒಂದೇ ಬಸ್ಸು ಹಾಕಿಸಿಕೊಂಡೆವು.
ಸಂಸಾರದ ಮಾತೆಲ್ಲ ವಿಶಿಲ್ಲಿನಲ್ಲೇ ಮುಗಿಯಿತು:
ಒಂದು ಊದಿದರೆ ನಿಲ್ಲು, ಎರಡು ಊದಿದರೆ ಹೋಗು.
ಮೂರು ಊದಿದ್ದು ಒಂದೇ ಸಲ,
ನಂಗಲಿಯ ಇಳಿಜಾರಲ್ಲಿ. ಆ ಕಥೆ ಇಲ್ಲಿ ಬೇಡ.

ಕಾರು ಸೆಕೆಂಡ್‌ಹ್ಯಾಂಡು. ಹೈಬ್ರಿಡ್ಡು.
ಅರ್ಧ ಪೆಟ್ರೋಲು, ಅರ್ಧ ಕರೆಂಟು;
ಯಾವಾಗ ಎದ್ದಿದೆ, ಯಾವಾಗ ಮಲಗಿದೆ
ಗೊತ್ತೇ ಆಗುವುದಿಲ್ಲ, ಇವರ ಹಾಗೆ.
ಬಸ್ಸು ನುಗ್ಗದ ಗಲ್ಲಿಗೆ, ಮೊಸರಿಗೆ, ಡಾಕ್ಟರ ಹತ್ತಿರಕ್ಕೆ
ಚಿಕ್ಕದೊಂದು ಬೇಕಲ್ಲ.
ಹಗ್ಗ ಹಾಕಿದ ಕರುವಿನಂತೆ
ಎಳೆದುಕೊಂಡು ಹೋದರಾಯಿತು ಅಂದುಕೊಂಡಿದ್ದೆವು.

ತಂಗರಾಜು ಕಾರಿನ ಪುಸ್ತಕ
ಮೂರು ದಿನ ಓದಿದ.
"ಎಲ್ಲಾ ಹೈಬ್ರಿಡ್ಡೂ ಎಳೆಸಿಕೊಳ್ಳಲ್ಲ ಅಕ್ಕಾ.
ಕೆಲವಕ್ಕೆ ಚಕ್ರ ತಿರುಗಿದರೆ ಒಳಗೆ ಮೋಟಾರೂ ತಿರುಗಿ
ತನ್ನನ್ನು ತಾನೇ ಸುಟ್ಟುಕೊಳ್ಳುತ್ತೆ.
ಇದು ಬರುತ್ತೆ. ಷರತ್ತು ಹಾಕಿ ಬರುತ್ತೆ.
ಗೇರು ನ್ಯೂಟ್ರಲ್ಲು. ಸ್ಟೇರಿಂಗಿಗೆ ಬೀಗ ಇರಬಾರದು.
ಚಿಕ್ಕ ಬ್ಯಾಟರಿಗೆ ಬಸ್ಸಿಂದ ಒಂದು ವೈರು.
ಆಮೇಲೆ ಆರು ಗಂಟೆಗೊಮ್ಮೆ ನಿಲ್ಲಿಸಿ
ಐದು ನಿಮಿಷ ಇಂಜಿನ್ ಎಬ್ಬಿಸಬೇಕು,
ಇಲ್ಲಾಂದ್ರೆ ಎಣ್ಣೆ ಮೇಲಕ್ಕೆ ಏರಲ್ಲ."

ಆರು ಗಂಟೆಗೊಮ್ಮೆ, ಐದೇ ನಿಮಿಷ.
ನಾನು ಇವರ ಮುಖ ನೋಡಿದೆ.
ಇವರು ವೈರು ನೋಡುತ್ತಿದ್ದರು.

ಬೆಸುಗೆಯ ಬೆಳಕಿಗೆ ಕಣ್ಣು ಮುಚ್ಚಿದೆ.
ತೆರೆದಾಗ ಉಕ್ಕಿನ ಪಟ್ಟಿ, ಎರಡು ಕಿವಿ,
ಕಿವಿಗೆ ಎಳೆಯುವ ತೋಳು, ತೋಳಿಗೆ ಪಿನ್ನು.
ಅಡಿಯಲ್ಲಿ ಎರಡು ಸರಪಳಿ ಅಡ್ಡಡ್ಡ,
ತೋಳು ಬಿಟ್ಟರೆ ತೊಟ್ಟಿಲಾಗಿ ಹಿಡಿಯಲು.
ಕೊನೆಗೊಂದು ದಾರದಂಥ ಕೇಬಲ್ಲು:
ಸರಪಳಿಯೂ ಬಿಟ್ಟರೆ ತಾನು ಕಿತ್ತುಬಂದು
ಕಾರಿನ ಬ್ರೇಕು ಒತ್ತುವುದಷ್ಟೇ ಅದರ ಕೆಲಸ.
ಮೊದಲ ಸಲ ಇವರು ಎಡಕ್ಕೆ ಹಾಕಿದರೆ
ಕಾರು ಬಲಗಣ್ಣು ಮಿಟುಕಿಸಿತು.
ತಂಗರಾಜು ಆಗ ನಕ್ಕ.

ಸಂಜೆ ಬೇತಮಂಗಲದ ಕಡೆ ಟ್ರಯಲ್ಲು.
ನನ್ನ ಸೀಟಿನಲ್ಲಿ ತಿರುಗಿ ಕೂತೆ,
ಗಾಜಿಗೆ ಮೂಗು ತಾಗುವ ಹಾಗೆ.
ಸೈನೈಡ್ ದಿಬ್ಬ ಬೂದಿ ಬಣ್ಣಕ್ಕೆ ಇಳಿಯುತ್ತಿತ್ತು.
ಹಿಂದೆ ಕಾರು. ಒಳಗೆ ಯಾರೂ ಇಲ್ಲ.
ತಿರುವಿನಲ್ಲಿ ಸ್ಟೇರಿಂಗು ತಾನೇ ತಿರುಗಿತು,
ಯಾರದೋ ಕೈ ಇದ್ದಂತೆ, ಅವಸರವಿಲ್ಲದೆ,
ಮತ್ತೆ ತಾನೇ ನೇರವಾಯಿತು.
ಹಿಂದೆ ಕೂತವರಿಗೂ ರಸ್ತೆ
ಹೀಗೇ ಕೈಗೆ ಬರುತ್ತದೆ, ಗೊತ್ತು ನನಗೆ.

"ಬರ್ತಾ ಇದೆಯಾ?" ಮುಂದಿನಿಂದ ಇವರು.
ಚೀಲದಲ್ಲಿ ವಿಶಿಲ್ಲು ಹುಡುಕಿದೆ,
ಕನ್ನಡಕ ಸಿಕ್ಕಿತು, ಚಿಲ್ಲರೆ ಸಿಕ್ಕಿತು.
ಅಂಗೈ ಅಗಲಿಸಿ ತಗಡಿಗೆ ಬಡಿದೆ,
ಎರಡು ಸಲ.
ಬಸ್ಸು ಗೇರು ಬದಲಿಸಿತು.